ಎಡಗಾಲು ಒಪ್ಪಿಸದ ಪಾಠ

ಲಿಮರಿಕ್
ನವೆಂಬರ್ ೧೯, ಮಂಗಳವಾರ

ಪ್ರೀತಿಯ ತಮ್ಮ ಉಲ್ತಾನ್‌ಗೆ,

ದೇವರೂ ಮಾತೆ ಮೇರಿಯೂ ನಿನ್ನ ಜೊತೆಗಿರಲಿ. ನಾವಿಲ್ಲಿ ಮೂರೂ ಜನ, ಅಂದರೆ ಅಪ್ಪ, ನಾನು ಮತ್ತು ನಿನ್ನ ಮಗಳು, ಆರೋಗ್ಯವಾಗಿದ್ದೇವೆ. ನಿನ್ನ ಈಸ್ಟರ್ ಕಾರ್ಡಿಗೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆಂದು ಬೇಸರಿಸಬೇಡ. ಕಾರ್ಡಿನಲ್ಲಿ ಇದ್ದದ್ದೇ ಎರಡು ಸಾಲು, ಅದರಲ್ಲೂ ಒಂದು ಅಂಗಡಿಯವನೇ ಅಚ್ಚು ಹಾಕಿಸಿದ್ದು. ಅದಕ್ಕೆ ಉತ್ತರ ಬರೆಯಲು ಅವಸರವೇನಿತ್ತು ಹೇಳು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದರೆ ನೀನು "ಅಲ್ಲಿ ಮಳೆಯಾ? ಇಲ್ಲೂ ಮಳೆ" ಎಂದು ಹೇಳಿ ಇಟ್ಟುಬಿಡುತ್ತೀಯ. ಬರ್ಮಿಂಗ್‌ಹ್ಯಾಮಿನ ಮಳೆಯ ವಿಷಯ ನನಗೆ ಸಾಕಷ್ಟು ಗೊತ್ತಾಗಿದೆ. ಕಾಗದವಾದರೆ ನಾನು ಹೇಳುವುದನ್ನು ಹೇಳಿ ಮುಗಿಸುವ ತನಕ ನಿನಗೆ ಬಾಯಿ ಹಾಕಲು ಆಗುವುದಿಲ್ಲ. ಬಸ್ಸು ಓಡಿಸುತ್ತ ಓದಲೂ ಆಗುವುದಿಲ್ಲ. ಮನೆಯಲ್ಲಿ ಕೂತು, ಟೀ ಮಾಡಿಕೊಂಡು ಓದು.

ಶನಿವಾರ ನಿನ್ನ ಮಗಳು ವೇದಿಕೆಯ ಮೇಲೆ ಕುಣಿದಳು. ನಿನಗೆಂದು ಇಟ್ಟಿದ್ದ ಕುರ್ಚಿ ಖಾಲಿಯೇ ಇತ್ತು. ಜಾನಿಸ್ ಬರುತ್ತೇನೆಂದಿದ್ದಳು, ಪಾಪ, ಅವಳ ತಾಯಿಗೆ ಸೊಂಟದ ಆಪರೇಷನ್ ಆಯಿತು. ಹೆಂಡತಿ ಬರದಿರುವುದಕ್ಕೆ ಅದು ಕಾರಣ, ಗಂಡ ಬರದಿರುವುದಕ್ಕೆ ಅದು ನೆಪ. ಬ್ರೋನಾ ನಿನಗೆ ವಿಡಿಯೊ ಕಳಿಸಿದ್ದಾಳೆ. ನೋಡಿದರೆ ಅವಳ ಫೋನಿನಲ್ಲಿ ಏನೋ ನೀಲಿ ಗುರುತು ಬೀಳುತ್ತದಂತೆ. ಇನ್ನೂ ಬಿದ್ದಿಲ್ಲ. ಹಗಲಿಡೀ ಆ ಹುಡುಗಿ ಫೋನ್ ತೆಗೆದು ನೋಡುವುದು, ಇಡುವುದು. ನನಗೆ ನೋಡಲಾಗದೆ ಪೆನ್ನು ಹಿಡಿದಿದ್ದೇನೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ನಿನಗೆ ಗೊತ್ತು. ಕ್ರಿಸ್‌ಮಸ್ಸಿಗೆ ನೀನು ಮನೆಗೆ ಬರಬೇಕು. ಬಂದು ಅಪ್ಪನ ಎದುರಿಗೆ ಕೂರಬೇಕು. ಈ ಕಾಗದ ಬರೆಯುತ್ತಿರುವುದು ಅದಕ್ಕೆ. ಯಾಕೆ ಬರಬೇಕೆಂದು ಈಗ ಹೇಳುತ್ತೇನೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನರ್ಸಿಂಗ್ ಓದಲು ಬ್ರೋನಾ ಇಲ್ಲಿಗೆ ಬಂದಿಳಿದಾಗ ಅವಳ ತಲೆ ಒಂದು ಕಡೆ ನುಣ್ಣಗೆ ಬೋಳು, ಇನ್ನೊಂದು ಕಡೆ ಭುಜದ ತನಕ ಕೂದಲು. ಅಪ್ಪ ಬಾಗಿಲಲ್ಲೇ ನಿಂತು, "ಏನೇ, ಕ್ಷೌರದವನು ಅರ್ಧಕ್ಕೇ ಎದ್ದು ಊಟಕ್ಕೆ ಹೋದ್ನಾ?" ಎಂದರು. ಅವಳು ತಡಮಾಡಲಿಲ್ಲ. "ಹೌದು ತಾತ, ಉಳಿದರ್ಧ ನೀವು ಮಾಡ್ತೀರಂತೆ, ಕತ್ತರಿ ಚೆನ್ನಾಗಿ ಆಡಿಸ್ತೀರಿ ಅಂತ ಹೇಳಿ ಕಳಿಸ್ದ." ದರ್ಜಿಯ ಮನೆಗೆ ಬಂದು ದರ್ಜಿಗೇ ಕತ್ತರಿಯ ಮಾತು. ಅವತ್ತಿನಿಂದ ಅವರಿಬ್ಬರದೂ ಒಂದು ಪಕ್ಷ, ನಾನು ಹೊರಗಿನವಳು.

ಒಂದು ಭಾನುವಾರ ಅಡುಗೆಮನೆಯ ಗಾಜಿನ ಬೀರು ಒರೆಸುತ್ತ ನಿಂತವಳು ಕೇಳಿದಳು, "ಅತ್ತೇ, ಇಷ್ಟೊಂದು ಮೆಡಲು ಯಾರ್ದು? ನಿಮ್ದಾ?"

"ಮೂಲೇಲಿ ಕಪ್ಪಗಾಗಿರೋ ಆ ಒಂದೆರಡು ನನ್ನವು. ಉಳಿದದ್ದೆಲ್ಲ ನಿಮ್ಮಪ್ಪಂದು."

ಅವಳು ನಕ್ಕಳು. "ಸುಮ್ನಿರಿ ಅತ್ತೆ. ನಮ್ಮಪ್ಪಂದಾ? ಮದುವೆ ಮನೇಲಿ ಊರೆಲ್ಲ ಕುಣೀತಿದ್ರೆ ಅವ್ರು ಎಲ್ರ ಕೋಟು ಕಾಯ್ತಾ ಕೂತಿರ್ತಾರೆ."

ನಾನು ನಗಲಿಲ್ಲ. ಆಗ ಅವಳು ನಿನ್ನ ತುಟಿಯ ಮೇಲಿನ ಗಾಯದ ಗುರುತನ್ನು ನೆನಪು ಮಾಡಿಕೊಂಡಳು. ಸೈಕಲ್ಲಿನಿಂದ ಬಿದ್ದದ್ದು ಎಂದಿದ್ದೆಯಂತೆ. "ಯಾವ ಸೈಕಲ್ಲೇ? ನಮ್ಮನೇಲಿ ಸೈಕಲ್ಲೇ ಇರ್ಲಿಲ್ಲ" ಎಂದುಬಿಟ್ಟೆ. ಬಾಯಿ ಜಾರಿ ಹೇಳಿದ್ದಲ್ಲ. ತಿಳಿದೇ ಹೇಳಿದೆ. ಅವಳು ನಿನ್ನ ಮಗಳು, ಅವಳಿಗೆ ಗೊತ್ತಿರಬೇಕು ಅನ್ನಿಸಿತು. ಅವಳಿಗೆ ನಾನು ಏನು ಹೇಳಿದೆನೋ ಅದು ನಿನಗೂ ಗೊತ್ತಿರಲಿ, ಆಮೇಲೆ ಅಕ್ಕ ಹೆಚ್ಚು ಕಡಿಮೆ ಮಾಡಿದಳು ಅನ್ನಬೇಡ.

ಹೇಳಿದ್ದು ಇಷ್ಟು. ನಿನ್ನ ಕಾಲಿಗೆ ಸಮನಾದ ಕಾಲು ಈ ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ನಿನ್ನ ಎಡಗೈ ಮಾತು ಕೇಳುತ್ತಿರಲಿಲ್ಲ. ನಮ್ಮ ಕುಣಿತದಲ್ಲಿ ಕೈ ಪಕ್ಕೆಗೆ ಅಂಟಿಕೊಂಡಿರಬೇಕು, ಅಲುಗಿದರೆ ಅಂಕ ಹೋಯಿತು. ಅಪ್ಪನ ಕ್ಲಾಸಿನ ಬೇರೆ ಮಕ್ಕಳಿಗೆ ಮುಷ್ಟಿಯಲ್ಲಿ ಒಂದು ನಾಣ್ಯ ಹಿಡಿಸಿದರೆ ಸಾಕಾಗುತ್ತಿತ್ತು. ನಿನ್ನ ನಾಣ್ಯ ಎಲ್ಲೋ ಹಾರಿ ಬೀಳುತ್ತಿತ್ತು, ಕೈ ಮೇಲೇಳುತ್ತಿತ್ತು. ನಿನಗೆ ಹದಿನೇಳು. ಸ್ಪರ್ಧೆಯ ಫೈನಲ್ಲಿನ ಬೆಳಿಗ್ಗೆ ಅಪ್ಪ ನಿನ್ನ ಕೋಟಿನ ತೋಳುಗಳನ್ನು ಕೋಟಿನ ಪಕ್ಕೆಗೇ ಹೊಲಿದುಬಿಟ್ಟರು. ಎಳೆ ಎರಡು, ಕೊನೆಗೆ ಗಂಟು. ಅವತ್ತು ನೀನು ಕುಣಿದದ್ದು ನಿನಗಾಗಿಯೇ ಅವರು ಕಟ್ಟಿದ ಹೆಜ್ಜೆ, ಗಟ್ಟಿ ಬೂಟಿನಲ್ಲಿ ಕುಣಿಯುವ ಹಾರ್ನ್‌ಪೈಪ್. ಬಲಗಾಲಿನಲ್ಲಿ ನೀನು ಪೂರ್ತಿ ಹೇಳಿದೆ, ಅದನ್ನೇ ಎಡಗಾಲು ಒಪ್ಪಿಸಬೇಕಿತ್ತು. ಎಡಗಾಲಿಗೆ ತಿರುಗುವಾಗ ಹೊಸದಾಗಿ ಮೇಣ ಹಾಕಿದ್ದ ನೆಲ ಜಾರಿತು. ಬೀಳುವವರು ಯಾರೇ ಆದರೂ ಮೊದಲು ಕೈ ಊರುತ್ತಾರೆ. ನಿನ್ನ ಕೈ ಬರಲಿಲ್ಲ. ಮುಖವೇ ನೆಲಕ್ಕೆ ಬಡಿಯಿತು. ತುಟಿ ಸೀಳಿತು, ಮುಂಬಲ್ಲು ಹೋಯಿತು. ಅಪ್ಪ ಓಡಿ ಬಂದವರು ನಿನ್ನನ್ನು ಎತ್ತುವ ಮೊದಲು ತೀರ್ಪುಗಾರರ ಕಡೆ ತಿರುಗಿ, "ಕೈ ಮಾತ್ರ ಅಲುಗಲಿಲ್ಲ, ನೋಡಿದ್ರಲ್ಲ?" ಎಂದರು.

ಅದನ್ನೂ ಹೇಳಿದೆ. ಮುಚ್ಚಿಡಲಿಲ್ಲ. ಆ ತಿಂಗಳೇ ನೀನು ಹಡಗು ಹತ್ತಿದ್ದು, ಅಮ್ಮನ ಮಣ್ಣಿಗೆ ಬಂದವನು ಸ್ಮಶಾನದ ಗೇಟಿನ ಹೊರಗೆ ನಿಂತು ಸಂಜೆಯ ಹಡಗಿಗೇ ಹೋದದ್ದು, ಎಲ್ಲ ಹೇಳಿದೆ.

ಬ್ರೋನಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಆಮೇಲೆ ತಾತ ಏನಂದ್ರು?"

"ಏನೂ ಅನ್ಲಿಲ್ಲ. ಆ ಹೆಜ್ಜೇನ ಇನ್ಯಾರಿಗೂ ಕಲಿಸ್ಲಿಲ್ಲ. ಬಲಗಾಲು ಹೇಳಿದ್ದು ಹಾಗೇ ಇದೆ, ಎಡಗಾಲು ಒಪ್ಪಿಸೇ ಇಲ್ಲ."

"ಹಾಗಾದ್ರೆ ಅದು ನಂಗೆ ಬೇಕು" ಎಂದಳು. ಅಂಗಡಿಯಲ್ಲಿ ಬ್ರೆಡ್ಡು ಕೇಳಿದ ಹಾಗೆ.

ನಿನಗೆ ಗೊತ್ತಿತ್ತೋ, ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡಿದ್ದೆಯೋ, ನಿನ್ನ ಮಗಳು ನಿನ್ನ ಬಸ್ ಡಿಪೋದ ಹಿಂದಿನ ಗೋಡೌನಿನಲ್ಲೇ ವರ್ಷಗಟ್ಟಲೆ ಬ್ರೇಕ್ ಡ್ಯಾನ್ಸ್ ಕಲಿತಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗದು. ನೀನು ಮನೆಯಲ್ಲಿ ಕುಣಿತದ ಬೂಟು ಬಚ್ಚಿಟ್ಟೆ, ಕಾಲನ್ನು ಎಲ್ಲಿ ಬಚ್ಚಿಡುತ್ತೀಯ? ಅಪ್ಪನ ನಂತರ ನಾನು ನಡೆಸುವ ಗುರುವಾರದ ಕ್ಲಾಸಿಗೆ ಬಂದು, ಜಡೆ ಹಾಕಿದ ಪುಟ್ಟ ಹುಡುಗಿಯರ ಸಾಲಿನಲ್ಲಿ ನಿಂತು, ಗಟ್ಟಿ ಬೂಟು ಹಾಕಿಕೊಂಡು ಮೊದಲಿನಿಂದ ಕಲಿತಳು. ಅವಳ ಕೈ ಎದ್ದರೆ ನಾನು ಅಭ್ಯಾಸಬಲದಿಂದ "ಕೈ!" ಎಂದು ಕೂಗುತ್ತಿದ್ದೆ. ಒಂದು ದಿನ ಅವಳು ತಿರುಗಿ, "ಅತ್ತೆ, ಕಾಲು ಮಾತಾಡ್ತಿರೋವಾಗ ಕೈ ಹೇಗೆ ಸುಮ್ನಿರತ್ತೆ?" ಎಂದು ಕೇಳಿದಳು. ಇದೇ ಮಾತನ್ನು ನೀನು ಇದೇ ಚರ್ಚಿನ ಹಾಲ್‌ನಲ್ಲಿ ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೆ. ನಾನು ಬೈಯಲಿಲ್ಲ. ಪಿಟೀಲಿನ ಟೇಪು ಮತ್ತೆ ಹಾಕಿದೆ.

ಅವಳ ಜೊತೆಗಾರ ತಾಯೊ ಎಂಬ ಹುಡುಗ. ಅಪ್ಪ ಅಮ್ಮ ಲಾಗೋಸಿನವರು, ಹುಡುಗ ಹುಟ್ಟಿದ್ದು ನಮ್ಮ ಹಿಂದಿನ ಬೀದಿಯಲ್ಲೇ. ಬಾಯಿ ತೆರೆದರೆ ನಮಗಿಂತ ಹೆಚ್ಚು ಲಿಮರಿಕ್. ಚಳಿಯಲ್ಲೂ ಬೇಸಿಗೆಯಲ್ಲೂ ನಮ್ಮೂರ ಹರ್ಲಿಂಗ್ ಆಟದ ತಂಡದ ಹಸಿರು ಅಂಗಿಯೇ. ತಲೆಯ ಮೇಲೆ ನಿಂತು ಬುಗುರಿ ತಿರುಗಿದ ಹಾಗೆ ತಿರುಗುತ್ತಾನೆ. ಕ್ಲಾಸು ಮುಗಿದ ಮೇಲೆ ಅವರಿಬ್ಬರೂ ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಎಥ್ನಾ ಶೀಹಿ, ಅದೇ ಸೇತುವೆ ಆಚೆ ಡ್ಯಾನ್ಸ್ ಸ್ಕೂಲು ನಡೆಸುವವಳು, ಕಿಟಕಿಯಿಂದ ನೋಡಿ ಹೋಗಿ ಊರಿಗೆಲ್ಲ ಹೇಳಿದಳು: "ಕರ್ಟಿನ್ ಮನೆಯವ್ರು ಈಗ ನೆಲ ಒರೆಸೋ ಡ್ಯಾನ್ಸ್ ಕಲಿಸ್ತಾರಂತೆ, ನಮ್ಮನೆಗೂ ಒಂದಿಬ್ರನ್ನ ಕಳಿಸಿ." ಕಸಾಯಿಯ ಅಂಗಡಿಯಲ್ಲಿ ನನ್ನ ಎದುರಿಗೇ ಅಂದಳು. ನಾನು ಅರ್ಧ ಕಿಲೋ ಬೇಕನ್ ತೆಗೆದುಕೊಂಡು, "ನಿಮ್ಮನೆ ನೆಲ ಒರೆಸೋದಾದ್ರೆ ಎರಡು ದಿನದ ಕೂಲಿ ಆಗತ್ತೆ ಎಥ್ನಾ" ಎಂದು ಬಂದೆ. ಆದರೆ ಚಿಲ್ಲರೆ ತೆಗೆದುಕೊಳ್ಳುವುದನ್ನೇ ಮರೆತಿದ್ದೆ, ಸುಳ್ಳು ಹೇಳುವುದಿಲ್ಲ. ಎಂಬತ್ತೆಂಟು ವರ್ಷದ ಅಪ್ಪನ ಹೆಸರು ಅದು.

ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ. ಒಂದು ಗುರುವಾರ ಕೋಲು ಊರಿಕೊಂಡು ಹಾಲ್‌ಗೆ ಬಂದೇ ಬಂದರು. ತಾಯೊ ತಲೆಕೆಳಗಾಗಿದ್ದ. ನಾನು ಗೋಡೆಯ ಹೀಟರಿನ ಹಿಂದೆ ಅಡಗಲು ಜಾಗ ಹುಡುಕುತ್ತಿದ್ದೆ.

"ಏನಪ್ಪಾ, ಏನಾದ್ರೂ ಬಿದ್ದುಹೋಯ್ತಾ? ಹುಡುಕ್ತಿದ್ದೀಯಾ?" ಎಂದರು ಅಪ್ಪ.

ಹುಡುಗ ತಲೆಕೆಳಗಾಗಿಯೇ ಉತ್ತರ ಕೊಟ್ಟ. "ಹೌದು ಮೇಷ್ಟ್ರೇ, ತಾಳ ಬಿದ್ದೋಯ್ತು. ನಿಮ್ಮ ಹತ್ರ ಇದೆ ಅಂತ ಬ್ರೋನಾ ಹೇಳಿದ್ಲು."

ಅಪ್ಪ ನಗಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತರೆ ಅರ್ಧ ಒಪ್ಪಿದ ಹಾಗೆ ಎಂದು ನಿನಗೂ ಗೊತ್ತು. ಸ್ವಲ್ಪ ಹೊತ್ತು ನೋಡಿ, "ಬಲಕ್ಕೆ ತಿರುಗಿದೆ, ಸರಿ. ಎಡಕ್ಕೆ?" ಎಂದರು.

"ಎಡಕ್ಕೆ ಯಾರೂ ತಿರುಗಲ್ಲ ಮೇಷ್ಟ್ರೇ. ಎಲ್ರಿಗೂ ಒಂದೇ ಕಡೆ ಬರೋದು."

"ಹಾಗಾದ್ರೆ ಯಾರಿಗೂ ಬರಲ್ಲ ಅನ್ನು. ಬಲಗಾಲು ಹೇಳಿದ ಪಾಠಾನ ಎಡಗಾಲು ಒಪ್ಪಿಸ್ಬೇಕು, ಒಂದಕ್ಷರ ಬಿಡದ ಹಾಗೆ. ನಿನ್ನದು ತಲೆ ತಾನೆ? ಅದೂ ಒಪ್ಪಿಸ್ಲಿ."

ತಾಯೊ ಮುಖ ಊದಿಸಿಕೊಂಡು ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ಬೇಸಿಗೆಯ ಹೊತ್ತಿಗೆ ಕತ್ತು ಉಳುಕಿಸಿಕೊಂಡು, ಎಡಕ್ಕೂ ತಿರುಗುತ್ತ ಬಂದು ನಿಂತ. ಅವತ್ತು ಅಪ್ಪ ಅವನಿಗೆ ತಮ್ಮ ಪಾಲಿನ ಒಣದ್ರಾಕ್ಷಿ ಬ್ರೆಡ್ಡು ಕೊಟ್ಟರು, ಬೆಣ್ಣೆ ಸಮೇತ.

ಇಲ್ಲಿ ನಿಲ್ಲಿಸಿ ಎದ್ದು ಹೋಗಿದ್ದೆ. ಅಪ್ಪನಿಗೆ ಮಾತ್ರೆ ಕೊಡಬೇಕಿತ್ತು. ಯಾರಿಗೆ ಬರೀತಿದ್ದೀಯ ಎಂದು ಕೇಳಿದರು. ನಿನಗೆ ಎಂದೆ. ಕಿಟಕಿಯ ಹೊರಗೆ ನೋಡುತ್ತ ಕೂತಿದ್ದು, "ಬರೆದಾದ ಮೇಲೆ ಓದು" ಎಂದರು. ಸರಿ, ಮುಂದೆ ಕೇಳು.

ಆ ಹೆಜ್ಜೆಯನ್ನು ಅಪ್ಪ ಬ್ರೋನಾಗೆ ಕಲಿಸಿದ್ದು ಎಲ್ಲಿ ಅಂತೀಯ? ಅಡುಗೆಮನೆಯ ಮೇಜಿನ ಮೇಲೆ. ಅವರ ಮಂಡಿ ಈಗ ಮೆಟ್ಟಿಲನ್ನೇ ಹತ್ತುವುದಿಲ್ಲ, ಕುಣಿಯುವುದೆಲ್ಲಿಂದ ಬಂತು. ಬಲಗೈಯ ಎರಡು ಬೆರಳನ್ನು ಕಾಲು ಮಾಡಿಕೊಂಡು ಮೇಜಿನ ಮೇಲೆ ಟಕಟಕ ಕುಣಿಸಿ ತೋರಿಸುತ್ತಿದ್ದರು. ಅವಳು ಎದುರಿಗೆ ನಿಂತು ಕಾಲಿನಲ್ಲಿ ಹಿಡಿಯುತ್ತಿದ್ದಳು. ಟೀ ಲೋಟಗಳೆಲ್ಲ ತಾಳಕ್ಕೆ ಸರಿದು ಸರಿದು ಅಂಚಿಗೆ ಬರುತ್ತಿದ್ದವು. ಬಲಗೈ ಮುಗಿದರೆ ಎಡಗೈಯ ಬೆರಳು. ತಪ್ಪಿದರೆ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹಂಗಿಸುವುದು. ಒಂದು ಸಂಜೆ ಬ್ರೋನಾ ಇದ್ದಕ್ಕಿದ್ದಂತೆ ನಿಂತಳು. ಅಪ್ಪನ ಬೆರಳನ್ನೇ ನೋಡುತ್ತಿದ್ದಳು.

"ಅತ್ತೇ, ನೋಡಿದ್ರಾ? ಜೀವಮಾನವೆಲ್ಲ ಊರವರ ಕೈ ಕಟ್ಟಿಹಾಕಿದ ಮನುಷ್ಯ ಈಗ ಕೈಯಲ್ಲೇ ಕುಣೀತಿದಾರೆ!"

ಅಪ್ಪ ಬೆರಳನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡರು. ಬೇಸರವಾಯಿತೇನೋ ಎಂದುಕೊಂಡೆ. "ಕಾಲಿದ್ದಿದ್ರೆ ಕಾಲಲ್ಲೇ ತೋರಿಸ್ತಿದ್ದೆ" ಎಂದರು. ಆದರೆ ಬ್ರೋನಾಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಅವತ್ತೇ ತಾಯೊಗೆ ಫೋನ್ ಮಾಡಿದಳು. ಅವಳು ಕಟ್ಟಿದ ಕುಣಿತ ಹೀಗೆ: ಕೋಟಿನ ತೋಳು ಪಕ್ಕೆಗೆ ಹೊಲಿದಿರಬೇಕು, ನಿನ್ನ ಹಾಗೆಯೇ. ಬಲಗಾಲಿನಲ್ಲಿ ಹೆಜ್ಜೆ ಪೂರ್ತಿ ಹೇಳಬೇಕು. ಎಡಗಾಲಿಗೆ ತಿರುಗುವಾಗ ಮುಖ ಅಡಿಯಾಗಿ ಬೀಳಬೇಕು, ಬೇಕೆಂದೇ. ಬೀಳುವಾಗ ಹೊಲಿಗೆ ಬಿಚ್ಚಿಕೊಂಡು ಕೈ ಈಚೆಗೆ ಬರಬೇಕು, ಆಮೇಲೆ ಕೈಯೇ ಆ ಪಾಠ ಒಪ್ಪಿಸಬೇಕು.

ಕೇಳಿದವಳೇ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹೊಲಿಗೆ ಬಿಚ್ಚದಿದ್ದರೆ? ಬೇಡ ಕಣೇ, ಅಂಟುಪಟ್ಟಿ ಹಾಕೋಣ, ಎಳೆದ ಕೂಡಲೇ ಬಿಡುತ್ತದೆ ಎಂದೆ. ಅವಳು ಒಪ್ಪಲಿಲ್ಲ. ಹೊಲಿಗೆ ಹರಿಯುವ ಸದ್ದು ಸಭೆಗೆ ಕೇಳಬೇಕಂತೆ. ಅವಳಿಗಿಂತ ಹೆಚ್ಚಾಗಿ ಅಪ್ಪ ನನ್ನ ಮೇಲೆ ಹರಿಹಾಯ್ದರು. "ನನ್ನ ಮೊಮ್ಮಗಳ ಕೈ ಕಟ್ಟೋದಾದ್ರೆ ನಾನೇ ಕಟ್ತೀನಿ. ಅಂಟುಪಟ್ಟಿಯಂತೆ!"

ಹಾಲ್‌ನಲ್ಲಿ ಮೊದಲ ಅಭ್ಯಾಸಕ್ಕೆ ಅಪ್ಪನೇ ಹೊಲಿದುಕೊಟ್ಟರು. ಕಣ್ಣು ಮಂಜು, ನೂಲು ನಾನೇ ಪೋಣಿಸಿಕೊಟ್ಟೆ. ಬೆರಳಿಗೆ ಮಾತ್ರ ಹಳೆಯ ಅಭ್ಯಾಸ, ಕಣ್ಣು ಬೇಕಿಲ್ಲ. ಬ್ರೋನಾ ಕುಣಿದಳು, ತಿರುಗಿದಳು, ಬಿದ್ದಳು. ಹೊಲಿಗೆ ಬಿಡಲಿಲ್ಲ. ಹಿಡಿದದ್ದು ಹಿಡಿದ ಹಾಗೇ ಇತ್ತು. ತಾಯೊ ಹಾರಿ ಬಂದು ಅವಳ ಕೆಳಗೆ ತನ್ನ ಮೈ ಹಾಸದಿದ್ದರೆ ಇನ್ನೊಂದು ತುಟಿ ಸೀಳುತ್ತಿತ್ತು ನಮ್ಮ ಮನೆತನದಲ್ಲಿ. ಅವಳು ನಗುತ್ತ ಎದ್ದಳು. ಅಪ್ಪ ಕೋಲು ತೆಗೆದುಕೊಂಡು ಒಬ್ಬರೇ ಮನೆಗೆ ನಡೆದರು, ಮಳೆಯಲ್ಲಿ, ಟೋಪಿ ಇಲ್ಲದೆ.

ಮಾರನೆಯ ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯ ಮಧ್ಯದಲ್ಲಿ ಅಪ್ಪ ತಮ್ಮ ಹಳೆಯ ಭಾನುವಾರದ ಕೋಟು ತೊಟ್ಟು ನಿಂತಿದ್ದಾರೆ. ಎರಡೂ ತೋಳು ಪಕ್ಕೆಗೆ ಹೊಲಿದಿದೆ. ಕೋಟನ್ನು ಬಿಚ್ಚಿಟ್ಟುಕೊಂಡು ಹೊಲಿದು, ಆಮೇಲೆ ತಲೆ ತೂರಿಸಿ ತೊಟ್ಟುಕೊಂಡಿದ್ದಾರೆ. ಬಿಚ್ಚುವ ಹೊಲಿಗೆ ಹೇಗಿರಬೇಕೆಂದು ಪರೀಕ್ಷೆ. ಎಳೆದರು, ಜಗ್ಗಿದರು, ಬಿಚ್ಚಲಿಲ್ಲ. ನಾನು ಕತ್ತರಿ ತರಲು ಹೋದರೆ ಬೇಡ ಎಂದರು. ಟೀ ಆರುತ್ತಿತ್ತು. ಲೋಟವನ್ನು ನಾನೇ ಬಾಯಿಗೆ ಹಿಡಿದೆ. ಎರಡು ಗುಟುಕು ಕುಡಿದು ನನ್ನ ಕಡೆ ನೋಡದೆ ಹೇಳಿದರು, "ಮೂಗು ತುರಿಸಿದ್ರೂ ಕೆರ್ಕೊಳ್ಳೋಕೆ ಆಗಲ್ಲ ಕಣೇ ಇದ್ರಲ್ಲಿ."

ಅವರ ಪರವಾಗಿ ನಾನು ನಿನ್ನ ಹತ್ತಿರ ವಕಾಲತ್ತು ಮಾಡುತ್ತಿಲ್ಲ ಉಲ್ತಾನ್. ಅವರು ಅವತ್ತು ಅಂದ ಮಾತನ್ನು ನಾನೂ ಮರೆತಿಲ್ಲ. ಅವರು ಹಾಗೆ ನಿಂತಿದ್ದನ್ನು ಕಂಡೆ, ಕಂಡದ್ದನ್ನು ಬರೆದೆ.

ಅಲ್ಲಿಂದ ವಾರವಿಡೀ ಅವರದು ಅದೇ ಕೆಲಸ. ಕೋಟು ಹೊಲಿಯುವುದು, ತೊಡುವುದು, ಜಗ್ಗುವುದು. "ಹೊಲಿದದ್ದು ಬಿಚ್ಚಬಾರದು ಅಂತ ಆಯಸ್ಸೆಲ್ಲ ಸವೆಸಿದವನಿಗೆ ಬಿಚ್ಚೋ ಹಾಗೆ ಹೊಲಿ ಅಂದ್ರೆ ಹೇಗಾಗ್ಬೇಕು?" ಎಂದು ಗೊಣಗುವುದು. ಕೊನೆಗೆ ಅಳತೆ ನೋಡಲು ಹಾಕುವ ಕಚ್ಚಾ ಹೊಲಿಗೆಯನ್ನೇ ಹಿಡಿದರು. ಒಂದೇ ಎಳೆ, ಉದ್ದುದ್ದ ಹೊಲಿಗೆ, ಕೊನೆಯಲ್ಲಿ ಗಂಟಿಲ್ಲ. ಶನಿವಾರ ವೇದಿಕೆಯ ಹಿಂದೆ ಬ್ರೋನಾಳ ಕೋಟಿಗೆ ಹಾಕುವಾಗ ನಾನು ಪಕ್ಕದಲ್ಲೇ ದೀಪ ಹಿಡಿದಿದ್ದೆ. ಮುಗಿಸಿ, ನೂಲಿನ ತುದಿಯನ್ನು ಹಲ್ಲಿನಿಂದ ಕಡಿದು, "ಗಂಟು ಹಾಕಿಲ್ಲ ಮಗಳೇ" ಎಂದರು. ಅವಳು ಕೈ ಆಡಿಸಲಾಗದೆ ಹಣೆಯಿಂದ ಅವರ ಭುಜವನ್ನು ಮುಟ್ಟಿದಳು.

ಇನ್ನು ಶನಿವಾರದ್ದು. ನದಿಯ ದಂಡೆಯ ಹಳೆಯ ಹಿಟ್ಟಿನ ಗಿರಣಿಯನ್ನು ಈಗ ಸಭಾಂಗಣ ಮಾಡಿದ್ದಾರೆ. ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ನನ್ನ ಕ್ಲಾಸಿನ ತಾಯಂದಿರು, ಫ್ಲಾಸ್ಕು, ಸ್ಯಾಂಡ್‌ವಿಚ್ಚು ಸಮೇತ. ಇನ್ನೊಂದು ಕಡೆ ತಾಯೊನ ಗೆಳೆಯರು, ಟೋಪಿ ಹಿಂದುಮುಂದಾಗಿ ಹಾಕಿಕೊಂಡವರು. ತಾಯೊನ ತಾಯಿ ಹಿಂದಿನ ಇಡೀ ಸಾಲಿಗೆ ವೇದಿಕೆ ಕಾಣದಂತೆ ದೊಡ್ಡ ಬಟ್ಟೆಯ ಪೇಟ ಸುತ್ತಿ ಮುಂದೆಯೇ ಕೂತಿದ್ದರು. ಹಿಂದಿನವರು ಗೊಣಗಿದರೆ, "ನನ್ನ ಮಗ ಕುಣಿಯೋ ದಿನ ನಾನು ಸಣ್ಣದು ಸುತ್ಲಾ?" ಎಂದರು. ಅಪ್ಪನಿಗೆ ಅವರನ್ನು ಕಂಡು ಬಹಳ ಸಂತೋಷವಾಯಿತು. ಎಥ್ನಾ ಶೀಹಿಯೂ ಬಂದಿದ್ದಳು. ಬರದೆ ಇರುತ್ತಾಳೆಯೇ, ನಾವು ಬೀಳುವುದನ್ನು ನೋಡಬೇಕಲ್ಲ.

ಮೊದಲು ತಾಯೊ ಬಂದ. ಅವನ ತಾಳ ಹಾಕುವ ಯಂತ್ರದ ಜೊತೆ ನಮ್ಮ ಪಿಟೀಲು. ಎತ್ತು ಏರಿಗೆ, ಕೋಣ ನೀರಿಗೆ ಆಗುತ್ತದೇನೋ ಎಂದು ನನಗೆ ಭಯವಿತ್ತು. ಆಗಲಿಲ್ಲ. ಬಲಕ್ಕೆ ತಿರುಗಿದ, ಎಡಕ್ಕೂ ತಿರುಗಿದ, ಟೋಪಿಯ ಹುಡುಗರು ಎದ್ದು ನಿಂತು ಅರಚಿದರು. ಎಡಕ್ಕೆ ತಿರುಗುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಆಮೇಲೆ ದೀಪ ಕಡಿಮೆಯಾಯಿತು, ಬ್ರೋನಾ ಬಂದಳು. ಕಪ್ಪು ಕೋಟು, ಕೈ ಎರಡೂ ಪಕ್ಕೆಯಲ್ಲಿ. ನಮ್ಮ ಕುಣಿತದ ಹುಡುಗಿಯರು ಸ್ಪರ್ಧೆಗೆ ಹಾಕುವ ಗುಂಗುರು ವಿಗ್ಗಿಲ್ಲ, ಅದೇ ಅರ್ಧ ತಲೆ. ಪಿಟೀಲು ಹಾರ್ನ್‌ಪೈಪ್ ಹಿಡಿಯಿತು, ಅವಳು ಬಲಗಾಲು ಎತ್ತಿದಳು.

ಉಲ್ತಾನ್, ಅದು ನೀನೇ. ಬೇರೆ ಹೇಗೆ ಹೇಳಲಿ? ಮಂಡಿ ಏಳುವ ರೀತಿ, ಹಿಮ್ಮಡಿ ಬೀಳುವ ಮೊದಲು ಒಂದು ಚೂರು ತಡೆಯುವ ರೀತಿ. ಎಷ್ಟೋ ವರ್ಷ ನೋಡದ ಕಾಲನ್ನು ನೋಡಿದೆ. ನನ್ನ ಹಿಂದೆ ಕೂತಿದ್ದ ಮುದುಕರೊಬ್ಬರು ಪಕ್ಕದವರಿಗೆ, "ಇದು ಕರ್ಟಿನ್‌ರ ಹುಡುಗನ ಹೆಜ್ಜೆಯಲ್ವಾ?" ಎಂದರು. ಊರು ನಿನ್ನನ್ನು ಮರೆತಿದೆ ಎಂದುಕೊಂಡಿದ್ದೀಯ ನೀನು.

ಬಲಗಾಲು ಹೇಳಿ ಮುಗಿಸಿತು. ಅವಳು ಎಡಕ್ಕೆ ತಿರುಗಿದಳು, ಬಿದ್ದಳು. ಸಭೆಯಲ್ಲಿ ಯಾರೋ ಕೂಗಿದರು. ನೆಲಕ್ಕೆ ಮೈಕು ಇಟ್ಟಿದ್ದರು, ಹೊಲಿಗೆ ಚರ್ರನೆ ಹರಿದದ್ದು ಕೊನೆಯ ಸಾಲಿನ ತನಕ ಕೇಳಿತು. ಮುಖಕ್ಕೂ ನೆಲಕ್ಕೂ ನಡುವೆ ಒಂದು ಗೇಣು ಉಳಿದಿರುವಾಗ ಎರಡೂ ಅಂಗೈ ನೆಲಕ್ಕೆ ಬಿದ್ದವು.

ಪಿಟೀಲು ನಿಂತಿತು. ಆಮೇಲೆ ಆ ಅಂಗೈಗಳು ಶುರು ಮಾಡಿದವು ನೋಡು. ಕಾಲು ಮೇಲೆ ಗಾಳಿಯಲ್ಲಿ, ಕೈ ನೆಲದಲ್ಲಿ, ಅಪ್ಪನ ಹೆಜ್ಜೆ, ಪೆಟ್ಟಿಗೆ ಪೆಟ್ಟು, ಒಂದಕ್ಷರ ಬಿಡದೆ. ಅಡುಗೆಮನೆಯ ಮೇಜಿನ ಮೇಲೆ ಅಪ್ಪನ ಎಡಗೈ ಬೆರಳು ಆಡಿದ್ದನ್ನು ಆ ಹುಡುಗಿ ಇಡೀ ಮೈಯಿಂದ ಆಡಿದಳು. ಕೊನೆಯ ಪೆಟ್ಟು ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮರೆತುಬಿಟ್ಟರು. ಮೊದಲು ತಾಯೊನ ತಾಯಿ ಎದ್ದು ಗಂಟಲು ಹರಿಯುವಂತೆ ಕೂಗಿದರು, ಆಮೇಲೆ ಗಿರಣಿಯ ಸೂರು ಹಾರಿತು. ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟು ವರ್ಷ ಕಲಿಸಿದ್ದಕ್ಕೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ, ನಿನ್ನ ಮೆಡಲುಗಳು ಬಂದಾಗಲೂ ಇಲ್ಲ.

ಎಥ್ನಾ ಬಾಗಿಲ ಹತ್ತಿರ ನನ್ನ ತೋಳು ಹಿಡಿದು, "ಫಿಡೆಲ್ಮಾ, ನನ್ನ ಸ್ಕೂಲಿನ ದೊಡ್ಡ ಮಕ್ಕಳಿಗೆ ಆ ಹುಡುಗ ಸ್ವಲ್ಪ ಹೇಳಿಕೊಡ್ತಾನಾ?" ಎಂದಳು. "ನೆಲ ಒರೆಸೋಕಾ?" ಎಂದೆ. ಕೆಂಪಾದಳು. ಆಮೇಲೆ ಇಬ್ಬರೂ ನಕ್ಕೆವು. ಕಳಿಸುತ್ತೇನೆ, ಇನ್ನೇನು ಮಾಡಲಿ.

ಬ್ರೋನಾ ಕೆಳಗೆ ಇಳಿದು ಬಂದಾಗ ಅಪ್ಪ ಇನ್ನೂ ಎದ್ದಿರಲಿಲ್ಲ. "ಕೈ ತೋರ್ಸು" ಎಂದರು. ಅಂಗೈ ಎರಡೂ ಕೆಂಪಗೆ ಊದಿದ್ದವು. ಅವನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಬಟ್ಟೆಯ ಗುಣ ನೋಡುವವರ ಹಾಗೆ ಹೆಬ್ಬೆರಳಿನಿಂದ ಸವರಿದರು.

"ತಪ್ಪಾಯ್ತಾ ತಾತ?" ಎಂದಳು ಅವಳು.

"ಇಲ್ಲ. ಒಪ್ಪಿಸಿದೆ" ಎಂದರು.

ಇಷ್ಟೇ. ಜಾನಿಸ್‌ಗೆ, ಅವಳ ತಾಯಿಗೆ ನನ್ನ ನೆನಪು ತಿಳಿಸು. ಉಣ್ಣೆಯ ಸಾಕ್ಸು ಕಳಿಸುತ್ತಿದ್ದೇನೆ, ಬಸ್ಸಿನಲ್ಲಿ ಕಾಲಿಗೆ ಚಳಿ ಎಂದು ಒಮ್ಮೆ ಅಂದಿದ್ದೆ. ನಿನ್ನ ದಾರಿ ಜಾರದಿರಲಿ, ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಮಗಳ ಕಾಲಿಗೂ ಕೈಗೂ ಯಾರ ಕಣ್ಣೂ ತಾಗದಿರಲಿ ಎಂದು ದಿನವೂ ಮಾತೆಯ ಮುಂದೆ ಬೇಡಿಕೊಳ್ಳುತ್ತೇನೆ.

ಇಂತಿ ನಿನ್ನ ಅಕ್ಕ,
ಫಿಡೆಲ್ಮಾ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು: ಮೇಲಿನದನ್ನೆಲ್ಲ ಅಪ್ಪನಿಗೆ ಓದಿದೆ. ನಿನ್ನ ಹಲ್ಲು ಹೋದದ್ದು, ಅವರು ಅಂದ ಮಾತು, ಯಾವುದನ್ನೂ ಬಿಡಲಿಲ್ಲ. "ಇದ್ದದ್ದನ್ನೇ ಬರೆದಿದ್ದೀಯ, ಕಳಿಸು" ಎಂದು ಎದ್ದು ಹೋದರು. ಈ ತುದಿಯನ್ನು ಮಾತ್ರ ಅವರಿಗೆ ಓದುವುದಿಲ್ಲ. ಬ್ರೋನಾ ಬೀಳುವಾಗ ಸಭೆಯಲ್ಲಿ ಯಾರೋ ಕೂಗಿದರು ಎಂದೆನಲ್ಲ, ಅದು ಅಪ್ಪ. ತಾವೇ ಕೂಗಿದ್ದೆಂದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ, "ಯಾರೇ ಅದು, ಮಧ್ಯದಲ್ಲಿ ಬಾಯಿ ಹಾಕಿದ್ದು?" ಎಂದು ನನ್ನನ್ನೇ ಕೇಳಿದರು. ನನಗೆ ಹೇಳಲಾಗಲಿಲ್ಲ. ವಿಡಿಯೊ ತೆರೆ, ಸದ್ದು ಹೆಚ್ಚು ಮಾಡಿಕೊ, ಸ್ಪಷ್ಟವಾಗಿ ಕೇಳುತ್ತದೆ. "ಕೈ ಊರೋ! ಕೈ ಊರೋ, ಉಲ್ತಾನ್!" ಬಿದ್ದದ್ದು ಬ್ರೋನಾ, ಅವರು ಕೂಗಿದ್ದು ನಿನ್ನನ್ನು. ಯಾರು ಕೂಗಿದ್ದೆಂದು ಅವರಿಗೆ ನೀನೇ ಬಂದು ಹೇಳು.